ಅತ್ತೆಯವರಿಗೆ ನಾನು ಕೇಳಿದ ಪ್ರಶ್ನೆಗಳು

ನನ್ನ ಅತ್ತೆ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದ ವರ್ಷ ನಾವಿನ್ನೂ ನ್ಯೂ ಜರ್ಸಿಯ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿದ್ದೆವು. ಎರಡು ಬೆಡ್‌ರೂಮಿನ ಮನೆ. ಒಂದರಲ್ಲಿ ನಾನು ಮತ್ತು ನನ್ನ ಹೆಂಡತಿ, ಇನ್ನೊಂದರಲ್ಲಿ ಅತ್ತೆ ಮತ್ತು ನಮ್ಮ ಮಗಳು. ಮಗಳಿಗೆ ಆಗ ಹದಿನಾರು. ಅವಳು ಐದು ವರ್ಷದವಳಿದ್ದಾಗಿನಿಂದ ಅಜ್ಜಿಯ ಪಕ್ಕದಲ್ಲೇ ಮಲಗಿ ಬೆಳೆದವಳು. ಮಾವ ತೀರಿಕೊಂಡ ಮೇಲೆ ಅತ್ತೆ ಮೊದಲು ವಿಸಿಟರ್ ವೀಸಾದಲ್ಲಿ ಬಂದು ಹೋಗಿ ಮಾಡುತ್ತಿದ್ದರು. ಆಮೇಲೆ ನನ್ನ ಹೆಂಡತಿಯೇ ತನ್ನ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದಳು.

ಅತ್ತೆಯವರು ಮೈಸೂರಿನವರು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ರೇಷ್ಮೆ ನೇಯುವ ಕಾರ್ಖಾನೆಗೆ ಸೇರಿ, ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ, ನಡಿಗೆ ಚುರುಕು. ಚಳಿಗಾಲದಲ್ಲೂ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು ಮೊಮ್ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬರುತ್ತಿದ್ದರು. ನನ್ನನ್ನು ಅವರು ಯಾವತ್ತೂ ಏಕವಚನದಲ್ಲಿ ಮಾತನಾಡಿಸಲಿಲ್ಲ. ನಾನು ಅವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನಾದರೂ ಆಫೀಸಿನಿಂದ ಬಂದಾಗ ಅವರು ಕುರ್ಚಿಯಿಂದ ಸ್ವಲ್ಪ ಏಳುವ ಹಾಗೆ ಮಾಡುತ್ತಿದ್ದರು. ಬೇಡ ಎಂದು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಪೌರತ್ವ ಬೇಕೆಂದು ಕೇಳಿದ್ದು ಅವರೇ. ಮೈಸೂರಿನಲ್ಲಿ ಅವರಿಗೊಬ್ಬ ತಂಗಿ ಇದ್ದರು, ಮದುವೆಯಾಗದೆ ಉಳಿದವರು. ಅವರಿಗೆ ಕೈಕಾಲು ನಡುಗುವ ಕಾಯಿಲೆ ಶುರುವಾಗಿತ್ತು. ಗ್ರೀನ್ ಕಾರ್ಡ್ ಇರುವವರು ತಿಂಗಳುಗಟ್ಟಲೆ ಹೊರದೇಶದಲ್ಲಿ ಉಳಿದರೆ ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ನೂರೆಂಟು ಪ್ರಶ್ನೆ. ಒಮ್ಮೆ ಐದು ತಿಂಗಳು ಇದ್ದು ಬಂದಾಗ ಒಬ್ಬ ಅಧಿಕಾರಿ ಇವರನ್ನು ಪಕ್ಕಕ್ಕೆ ಕೂರಿಸಿ ಒಂದು ಗಂಟೆ ಕಾಯಿಸಿದ್ದ.

"ಸಿಟಿಜನ್ ಆಗ್ಬಿಟ್ರೆ ಹೋಗೋಕೂ ಬರೋಕೂ ಯಾರನ್ನೂ ಕೇಳೋ ಹಾಗಿರಲ್ಲ ಅಲ್ವಾ?" ಎಂದು ಒಂದು ಭಾನುವಾರ ಕಾಫಿ ಕೊಡುತ್ತ ಕೇಳಿದರು. "ತಂಗಿ ಹತ್ರ ಎಷ್ಟು ದಿನ ಬೇಕೋ ಅಷ್ಟು ದಿನ ಇದ್ದು, ಮಗು ಹತ್ರಾನೂ ವಾಪಸ್ ಬರ್ಬಹುದು."

"ಆಗ್ಬಹುದು ಅತ್ತೆ. ಆದ್ರೆ ಪರೀಕ್ಷೆ ಇದೆ. ಅಮೆರಿಕದ ಇತಿಹಾಸ, ಸರ್ಕಾರ ಎಲ್ಲ ಓದ್ಬೇಕು. ಇಂಗ್ಲಿಷಲ್ಲೇ ಉತ್ತರ ಹೇಳ್ಬೇಕು."

"ನೀವು ಹೇಳ್ಕೊಟ್ರೆ ಕಲೀತೀನಿ" ಎಂದರು.

ಆ ಮಾತಿನಿಂದ ನನಗಾದ ಸಂತೋಷವನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಸಾಮಾನ್ಯ ಜ್ಞಾನ ಎನ್ನುವುದು ಹೈಸ್ಕೂಲಿನ ದಿನಗಳಿಂದಲೂ ನನ್ನ ಹೆಮ್ಮೆಯ ವಿಷಯ. ಯಾವ ದೇಶದ ರಾಜಧಾನಿ ಯಾವುದು, ಯಾವ ಯುದ್ಧ ಯಾವ ವರ್ಷ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕ್ವಿಜ್ ತಂಡದ ನಾಯಕನಾಗಿದ್ದೆ. ಇಲ್ಲಿಗೆ ಬಂದ ಮೇಲೂ ನಮ್ಮ ಕನ್ನಡದವರ ಬೇಸಿಗೆ ಪಿಕ್ನಿಕ್ಕಿಗೆ ನಾನೇ ಕ್ವಿಜ್ ಮಾಸ್ಟರ್. ನನ್ನ ಪೌರತ್ವದ ಸಂದರ್ಶನದಲ್ಲಿ ಅಧಿಕಾರಿ ಹತ್ತು ಪ್ರಶ್ನೆ ಕೇಳಬೇಕಿತ್ತು. ಆರು ಸರಿಯಾದರೆ ಪಾಸು. ನಾನು ಮೊದಲ ಆರಕ್ಕೂ ಸರಿಯಾಗಿ ಹೇಳಿದ್ದರಿಂದ ಅವರು ಅಲ್ಲಿಗೇ ನಿಲ್ಲಿಸಿ ಕೈ ಕುಲುಕಿದರು. ಇದನ್ನು ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳಿದ್ದೇನೆ.

ಕೆಲಸವನ್ನು ಕ್ರಮವಾಗಿಯೇ ಆರಂಭಿಸಿದೆ. ಸರ್ಕಾರದವರೇ ಕೊಡುವ ನೂರು ಪ್ರಶ್ನೆಗಳ ಪಟ್ಟಿಯನ್ನು ಆಫೀಸಿನಲ್ಲಿ ಪ್ರಿಂಟ್ ಮಾಡಿ ತಂದೆ. ಒಂದೊಂದು ಪ್ರಶ್ನೆಗೂ ಅತಿ ಚಿಕ್ಕ ಉತ್ತರ ಯಾವುದೋ ಅದನ್ನು ಆರಿಸಿ ಕಾರ್ಡುಗಳ ಮೇಲೆ ದಪ್ಪಕ್ಷರದಲ್ಲಿ ಬರೆದೆ. ದಿನಕ್ಕೆ ಐದು ಕಾರ್ಡು ಫ್ರಿಜ್ಜಿನ ಬಾಗಿಲಿಗೆ. ಅತ್ತೆ ಇಂಗ್ಲಿಷನ್ನು ಕೂಡಿಸಿಕೊಂಡು ಓದುತ್ತಿದ್ದರು, ಆದರೆ ನಿಧಾನ. ಹಾಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. 'ದಿ ಕಾನ್‌ಸ್ಟಿಟ್ಯೂಷನ್', 'ಫ್ರೀಡ್ ದಿ ಸ್ಲೇವ್ಸ್' ಎಂದು ದುಂಡಗಿನ ಅಕ್ಷರಗಳು. ಬೇಳೆ ಬೇಯುವಾಗ ನೋಟ್‌ಬುಕ್ಕು ಒಲೆಯ ಪಕ್ಕದಲ್ಲಿರುತ್ತಿತ್ತು.

ಶನಿವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗುವಾಗ ಕಾರಿನಲ್ಲಿ ನಾನು ಪ್ರಶ್ನೆ ಕೇಳುತ್ತಿದ್ದೆ. ಅವರು ಹಿಂದಿನ ಸೀಟಿನಲ್ಲಿ ಕೂತು ಉತ್ತರ ಹೇಳುತ್ತಿದ್ದರು. ತೊಂದರೆ ಏನೆಂದರೆ ಅವರಿಗೆ ಉತ್ತರ ಮಾತ್ರ ಸಾಲುತ್ತಿರಲಿಲ್ಲ. ಯೂರೋಪಿನವರು ಬರುವ ಮುಂಚೆ ಅಮೆರಿಕದಲ್ಲಿ ಯಾರಿದ್ದರು ಎಂಬ ಪ್ರಶ್ನೆಗೆ 'ಅಮೆರಿಕನ್ ಇಂಡಿಯನ್ಸ್' ಎಂದು ಕಾರ್ಡಿನಲ್ಲಿತ್ತು.

"ಇಂಡಿಯನ್ಸ್ ಅಂದ್ರೆ ನಮ್ಮೋರಾ?"

"ಅಲ್ಲ ಅತ್ತೆ. ಅವರು ಬೇರೆ. ಹೆಸರು ಹಂಗೆ ಬಂದಿದೆ."

"ಈಗ ಎಲ್ಲಿದ್ದಾರೆ ಅವರು? ಇಷ್ಟು ವರ್ಷ ಆಯ್ತು ಬಂದು, ನಾನು ಒಬ್ರನ್ನೂ ನೋಡಿಲ್ವಲ್ಲ."

"ಅದು ಪರೀಕ್ಷೇಲಿ ಕೇಳಲ್ಲ" ಎಂದೆ ನಾನು. ಮುಂದಿನ ಪ್ರಶ್ನೆಗೆ ಹೋದೆ.

ಇನ್ನೊಂದು ಸಲ, ಇಲ್ಲಿಯ ಜನ ಬ್ರಿಟಿಷರ ವಿರುದ್ಧ ಯಾಕೆ ಹೋರಾಡಿದರು ಎಂಬ ಪ್ರಶ್ನೆ ಬಂತು. ಅದಕ್ಕೆ ಪಟ್ಟಿಯಲ್ಲಿ ಮೂರು ಉತ್ತರಗಳಿವೆ. ತೆರಿಗೆ ಹೆಚ್ಚಾಗಿತ್ತು, ಬ್ರಿಟಿಷ್ ಸೈನಿಕರು ಇವರ ಮನೆಗಳಲ್ಲಿ ಬಂದು ಉಳಿಯುತ್ತಿದ್ದರು, ಇವರಿಗೆ ತಮ್ಮದೇ ಸರ್ಕಾರ ಇರಲಿಲ್ಲ. ನಾನು 'ಹೈ ಟ್ಯಾಕ್ಸಸ್' ಎಂಬ ಎರಡು ಪದ ಆರಿಸಿಕೊಟ್ಟಿದ್ದೆ. ಆದರೆ ಅತ್ತೆಗೆ ಎರಡನೆಯ ಉತ್ತರ ಮನಸ್ಸಿಗೆ ಹಿಡಿದುಬಿಟ್ಟಿತು.

"ಸೈನಿಕರು ಮನೆಗೇ ಬಂದು ಕೂತ್ಕೋತಿದ್ರಾ? ಹಂಗಾದ್ರೆ ಅವರಿಗೆಲ್ಲ ಅಡುಗೆ ಮಾಡಿ ಹಾಕ್ತಿದ್ದೋರು ಯಾರು? ಆ ಮನೆ ಹೆಂಗಸ್ರೇ ತಾನೆ?"

"ಇರ್ಬಹುದು."

"ಅದಕ್ಕೇ ಜಗಳ ಬಂದಿರತ್ತೆ ಬಿಡಿ. ತೆರಿಗೆ ಹೆಂಗೋ ಕಟ್ಟಿ ಸುಮ್ನಿರ್ತಾರೆ ಜನ. ಮನೆ ಒಳಗೆ ಬಂದು ಕೂತ್ರೆ ಯಾರು ಸಹಿಸ್ತಾರೆ?"

ಕ್ವಿಜ್ಜಿನ ಮನುಷ್ಯನಾದ ನನಗೆ ಅಷ್ಟು ಒಳ್ಳೆಯ ಪ್ರಶ್ನೆ ಜೀವಮಾನದಲ್ಲಿ ಹೊಳೆದಿರಲಿಲ್ಲ. ಆದರೂ ನಾನು ಹೇಳಿದ್ದು, "ಅತ್ತೆ, ಕಥೆ ಬೇಡ. ಹೈ ಟ್ಯಾಕ್ಸಸ್ ಅಂದ್ಬಿಡಿ ಸಾಕು."

ಕಥೆ ಹೇಳಿದವಳು ಮಗಳು. ಅವಳಿಗೆ ಆ ವರ್ಷ ಶಾಲೆಯಲ್ಲಿ ಅಮೆರಿಕದ ಇತಿಹಾಸವೇ ಮುಖ್ಯ ವಿಷಯ. ಮಧ್ಯಾಹ್ನ ಮೂರೂವರೆಗೆ ಬಸ್ಸಿಳಿದು ಬಂದು, ಅಜ್ಜಿ ಕೊಟ್ಟ ಉಪ್ಪಿಟ್ಟನ್ನೋ ದೋಸೆಯನ್ನೋ ತಿನ್ನುತ್ತ ತನ್ನ ಪುಸ್ತಕ ಬಿಚ್ಚುತ್ತಿದ್ದಳಂತೆ. ನನಗೆ ಇದು ತಿಳಿದದ್ದು ಒಂದು ದಿನ ಸಮರ್‌ಸೆಟ್‌ನ ಆಫೀಸಿನಿಂದ ಬೇಗ ಮನೆಗೆ ಬಂದಾಗ. ಅಡುಗೆಮನೆಯ ಮೇಜಿನ ಮೇಲೆ ಭೂಪಟ ಹರಡಿತ್ತು. ಅಜ್ಜಿ ಪ್ರಶ್ನೆ ಕೇಳುತ್ತಿದ್ದರು, ಮೊಮ್ಮಗಳು ಉತ್ತರ ಹೇಳುತ್ತಿದ್ದಳು. ನನ್ನ ಜೊತೆ ಇಂಗ್ಲಿಷಿನಲ್ಲಿ ಬಿಟ್ಟು ಬೇರೆ ಮಾತನಾಡದ ಮಗಳು, "ಅಜ್ಜಿ, ಅವರು ಹಡಗಲ್ಲಿ ಜನರನ್ನ, ಲೈಕ್, ಸಾಮಾನು ಥರ ಇಟ್ಟು ತಂದ್ರು" ಎಂದು ತಡವರಿಸುತ್ತ ಕನ್ನಡದಲ್ಲಿ ಹೇಳುತ್ತಿದ್ದಳು. ಅತ್ತೆ ಗಲ್ಲಕ್ಕೆ ಕೈಯಿಟ್ಟು ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

ನಾನು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ ಸುಮ್ಮನೆ ಒಳಗೆ ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. "ಯು ಆರ್ ಕನ್‌ಫ್ಯೂಸಿಂಗ್ ಹರ್" ಎಂದು ಮಗಳಿಗೆ ಹೇಳಿದೆ. "ಅಜ್ಜಿಗೆ ಬೇಕಾಗಿರೋದು ನೂರು ಉತ್ತರ. ಇಷ್ಟೆಲ್ಲ ತುಂಬಿದ್ರೆ ಇರೋದೂ ಮರ್ತು ಹೋಗತ್ತೆ."

"ಶಿ ವಾಂಟ್ಸ್ ಟು ನೋ, ಅಪ್ಪ."

"ಪರೀಕ್ಷೆ ಆದ್ಮೇಲೆ ಎಷ್ಟು ಬೇಕಾದ್ರೂ ಹೇಳ್ಕೊಡು."

ಅತ್ತೆ ಎದ್ದು ಭೂಪಟವನ್ನು ನಿಧಾನವಾಗಿ ಮಡಿಸಿದರು. "ಅಪ್ಪ ಹೇಳೋದು ಸರೀನೇ ಮಗು" ಎಂದು ಅದನ್ನು ಅವಳ ಕೈಗೆ ಕೊಟ್ಟರು. ಮರುದಿನದಿಂದ ಮಗಳು ಉಪ್ಪಿಟ್ಟಿನ ತಟ್ಟೆ ಹಿಡಿದು ತನ್ನ ಕೋಣೆಗೆ ಹೋಗತೊಡಗಿದಳು.

ಜುಲೈ ತಿಂಗಳ ಮೊದಲ ವಾರ ನಮ್ಮ ಪಿಕ್ನಿಕ್. ಕೌಂಟಿ ಪಾರ್ಕಿನಲ್ಲಿ ಛಾವಣಿ ಇರುವ ಜಾಗವನ್ನು ಕಾದಿರಿಸಿ, ದೊಡ್ಡ ದೊಡ್ಡ ಟ್ರೇಗಳಲ್ಲಿ ಪುಳಿಯೋಗರೆ, ಮೊಸರನ್ನ, ಕೋಸಂಬರಿ ತಂದು, ಮಕ್ಕಳಿಗೆ ಜೋಳ ಸುಟ್ಟುಕೊಟ್ಟು ಮಾಡುವ ಕಾರ್ಯಕ್ರಮ. ನೂರಕ್ಕೂ ಹೆಚ್ಚು ಜನ ಸೇರಿದ್ದರು. ಇಲ್ಲಿಯ ಸ್ವಾತಂತ್ರ್ಯ ದಿನದ ವಾರವಾದ್ದರಿಂದ ಆ ಸಲದ ಕ್ವಿಜ್ ಅಮೆರಿಕದ ಇತಿಹಾಸದ ಬಗ್ಗೆ ಇರಲಿ ಎಂದು ನಾನೇ ಹೇಳಿದ್ದೆ. ತಂಡಗಳ ಸ್ಪರ್ಧೆ ಚೆನ್ನಾಗಿಯೇ ನಡೆಯಿತು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ತಂಡ ಅಪ್ಪ ಅಮ್ಮಂದಿರನ್ನು ಸೋಲಿಸಿತು. ಎಲ್ಲರೂ ಖುಷಿಯಲ್ಲಿದ್ದರು. ಅಲ್ಲಿಗೆ ಮುಗಿಸಬಹುದಿತ್ತು.

ಆದರೆ ನನ್ನ ಕೈಯಲ್ಲಿ ಮೈಕ್ ಇತ್ತು, ಮುಂದೆ ಜನ ಇದ್ದರು. "ಈಗ ಒಂದು ಸ್ಪೆಷಲ್ ರೌಂಡ್" ಎಂದೆ. "ನಮ್ಮ ಅತ್ತೆಯವರು ಇನ್ನೆರಡು ತಿಂಗಳಲ್ಲಿ ಸಿಟಿಜನ್‌ಶಿಪ್ ಪರೀಕ್ಷೆಗೆ ಹೋಗ್ತಿದ್ದಾರೆ. ಅವರ ಗುರು ನಾನೇ. ಗುರು ಹೆಂಗೆ ಕಲಿಸಿದ್ದಾನೆ ನೋಡೋಣ. ಅತ್ತೆ, ಬನ್ನಿ."

ಅತ್ತೆ ಹೆಂಗಸರ ನಡುವೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಬೇಡ ಎಂದು ತಲೆ ಆಡಿಸಿದರು. ನಾನು ಮತ್ತೆ ಕರೆದೆ. ಯಾರೋ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ಸೇರಿಕೊಂಡರು. ಬರದೆ ವಿಧಿಯಿಲ್ಲ ಎಂಬ ಹಾಗಾಯಿತು. ಸೆರಗನ್ನು ಹೊದ್ದುಕೊಂಡು, ಕಾಟನ್ ಸೀರೆಯ ಕೆಳಗೆ ವಾಕಿಂಗ್ ಶೂ ಹಾಕಿದ್ದ ಅವರು ಬಂದು ನನ್ನ ಪಕ್ಕ ನಿಂತರು.

ಮೊದಲ ಪ್ರಶ್ನೆ ಸುಲಭದ್ದು. ಆರಂಭದ ಹದಿಮೂರು ರಾಜ್ಯಗಳಲ್ಲಿ ಮೂರರ ಹೆಸರು. ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದೆ. "ನ್ಯೂ ಜರ್ಸಿ, ನ್ಯೂ ಯಾರ್ಕ್, ವರ್ಜೀನಿಯಾ" ಎಂದರು. ಚಪ್ಪಾಳೆ ಬಿತ್ತು. ಅವರ ಮುಖದಲ್ಲಿ ಸಣ್ಣ ನಗು ಬಂತು. ಮಗಳು ಎದುರಿಗೆ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದಳು.

ಎರಡನೆಯದು, ಬ್ರಿಟಿಷರ ವಿರುದ್ಧ ಹೋರಾಡಿದ್ದು ಯಾಕೆ?

ಅತ್ತೆ ಒಂದು ಕ್ಷಣ ಯೋಚಿಸಿ ಕನ್ನಡದಲ್ಲಿ ಶುರು ಮಾಡಿದರು. "ಸೈನಿಕರು ಇವರ ಮನೆಗೆ ಬಂದು ಕೂತ್ಕೊಂಡ್ಬಿಟ್ಟಿದ್ರು. ಮನೆ ಹೆಂಗಸ್ರು ಅವರಿಗೆ ಬೇಯಿಸಿ ಹಾಕಿ ಹಾಕಿ..."

ನಾನು ಮೈಕನ್ನು ನನ್ನ ಕಡೆ ಎಳೆದುಕೊಂಡೆ. "ಅತ್ತೆ, ಪರೀಕ್ಷೆ ತಗೊಳ್ಳೋ ನೆವಾರ್ಕ್‌ನ ಆಫೀಸರ್‌ಗೆ ಕನ್ನಡ ಬರಲ್ಲ. ಅವನು ಅಡುಗೆ ವಿಷಯಾನೂ ಕೇಳಲ್ಲ."

ಜನ ನಕ್ಕರು. ಆ ನಗು ನನಗೆ ಹಿತವಾಗಿತ್ತು.

"ಸರಿ, ಇನ್ನೊಂದು. ಅಮೆರಿಕದ ಪೂರ್ವ ತೀರದಲ್ಲಿರುವ ಸಮುದ್ರ ಯಾವುದು?" ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ಅತ್ತೆ ನನ್ನ ಮುಖ ನೋಡಿದರು. ಐದಾರು ಸೆಕೆಂಡು ಕಳೆಯಿತು. ನನಗೆ ಏನೂ ಕೇಳಿಸಲಿಲ್ಲ. ಜನರ ಕಡೆ ತಿರುಗಿ, "ಪ್ರತಿ ಬೇಸಿಗೆ ಬೀಚಿಗೆ ಕರ್ಕೊಂಡು ಹೋಗ್ತೀವಿ. ಪಾಪ, ಅತ್ತೆ ಅದನ್ನ ಕುಕ್ಕರಹಳ್ಳಿ ಕೆರೆ ಅಂತಾನೇ ತಿಳ್ಕೊಂಡಿದ್ದಾರೆ" ಎಂದೆ.

ಆ ಮಧ್ಯಾಹ್ನದಲ್ಲೇ ಅತಿ ದೊಡ್ಡ ನಗು ಅದು. ಮೈಸೂರಿನವರು ಬಹಳ ಜನ ಇದ್ದರಲ್ಲ, ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯೂ ನಕ್ಕರು. ಜನರಿಗೆ ಕೈಮುಗಿದು, ಬಂದ ದಾರಿಯಲ್ಲೇ ಹೋಗಿ ಬೆಂಚಿನ ಮೇಲೆ ಕೂತರು. ಅವರು ನಕ್ಕಿದ್ದನ್ನು ನೋಡಿ, ತಮಾಷೆಯನ್ನು ತಮಾಷೆಯಾಗಿಯೇ ತೆಗೆದುಕೊಂಡರು ಎಂದು ನಾನು ಅಂದುಕೊಂಡೆ.

ವಾಪಸು ಬರುವಾಗ ರೂಟ್ ಒನ್ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಿತ್ತು. ಮಗಳು ಹಿಂದಿನ ಸೀಟಿನಿಂದ, "ದಟ್ ವಾಸ್ ಮೀನ್, ಅಪ್ಪ" ಎಂದಳು.

"ಇಟ್ ವಾಸ್ ಎ ಜೋಕ್."

"ನೋಬಡಿ ಆಸ್ಕ್ಡ್ ಹರ್ ಇಫ್ ಇಟ್ ವಾಸ್ ಎ ಜೋಕ್."

"ಬಿಡಮ್ಮ" ಎಂದರು ಅತ್ತೆ. "ಅಪ್ಪ ತಮಾಷೆಗೆ ಅಂದಿದ್ದು. ನಂಗೇನೂ ಬೇಜಾರಿಲ್ಲ."

ಕನ್ನಡಿಯಲ್ಲಿ ನೋಡಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಆಗ ಒಂದು ಮಾತು ಹೇಳಬೇಕಿತ್ತು. ತಪ್ಪಾಯಿತು ಅತ್ತೆ ಎಂಬ ಎರಡು ಮೂರು ಪದ. ಟ್ರಾಫಿಕ್ ಇಪ್ಪತ್ತು ನಿಮಿಷ ನಿಂತೇ ಇತ್ತು, ಸಮಯ ಸಾಲದೆ ಹೋಯಿತು ಎಂದೇನೂ ಹೇಳುವಂತಿಲ್ಲ. ನನ್ನ ಹೆಂಡತಿ ನನ್ನ ಕಡೆ ಒಮ್ಮೆ ನೋಡಿದಳು. ನಾನು ರೇಡಿಯೋ ಹಾಕಿದೆ.

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಫ್ರಿಜ್ಜಿನ ಬಾಗಿಲು ಖಾಲಿ. ನೂರು ಕಾರ್ಡುಗಳನ್ನೂ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ನನ್ನ ಲ್ಯಾಪ್‌ಟಾಪಿನ ಮೇಲೆ ಇಟ್ಟಿದ್ದರು. ಕೇಳಿದರೆ, "ಫ್ರಿಜ್ ಒರೆಸ್ಬೇಕಿತ್ತು, ಅದಕ್ಕೆ ತೆಗೆದೆ" ಎಂದರು. ಶನಿವಾರ ದೇವಸ್ಥಾನಕ್ಕೆ ಹೊರಟಾಗ, ಮೊಣಕಾಲು ನೋವು ಎಂದು ಮನೆಯಲ್ಲೇ ಉಳಿದರು. ಅದರ ಮುಂದಿನ ಶನಿವಾರವೂ ಹಾಗೆಯೇ.

ಆಗಸ್ಟ್ ಕೊನೆಗೆ ಸಂದರ್ಶನದ ಪತ್ರ ಬಂತು. ನನ್ನ ಹೆಂಡತಿ ಅದನ್ನು ಓದಿ ಹೇಳಿದಾಗ ಅತ್ತೆ ಹುರುಳಿಕಾಯಿ ಹೆಚ್ಚುತ್ತಿದ್ದರು. ಚಾಕು ಕೆಳಗಿಡದೆಯೇ, "ನಂಗೆ ಬೇಡಮ್ಮ ಅದು" ಎಂದರು.

"ಯಾಕಮ್ಮ? ಇಷ್ಟು ತಿಂಗಳು ಓದಿದ್ದೀಯ."

"ಓದಿದ್ದು ಸಾಕು. ನಂಗೆ ಅದೆಲ್ಲ ಹತ್ತಲ್ಲ. ಅಲ್ಲಿ ಹೋಗಿ ಬಾಯಿ ಕಟ್ಟಿ ನಿಂತ್ರೆ ನಿಮಗೂ ಅವಮಾನ."

ಹೆಂಡತಿ ಒಂದು ವಾರ ಬೇಡಿಕೊಂಡಳು. ಮಗಳೂ ಕೇಳಿದಳು. ಕಡೆಗೆ ಹೆಂಡತಿ ನನ್ನ ಹತ್ತಿರ ಬಂದು, "ನೀವೊಂದು ಮಾತು ಹೇಳ್ರೀ. ನೀವು ಹೇಳಿದ್ರೆ ಹೋಗ್ತಾಳೆ" ಎಂದಳು. ನಾನೇನು ಹೇಳಬೇಕೆಂದು ಅವಳು ಬಿಡಿಸಿ ಹೇಳಲಿಲ್ಲ. ನನಗೂ ಗೊತ್ತಿತ್ತು. ಆದರೂ ಗೊತ್ತಿಲ್ಲದವನ ಹಾಗೆ, "ಅವರಿಗೆ ಇಷ್ಟ ಇಲ್ಲ ಅಂದ್ಮೇಲೆ ಬಲವಂತ ಯಾಕೆ ಮಾಡೋದು?" ಎಂದುಬಿಟ್ಟೆ. ಅವಳು ಹೊರಟು ಹೋದಳು. ಸಂದರ್ಶನದ ದಿನ ಬಂದು ಹೋಯಿತು. ಆ ಬೆಳಿಗ್ಗೆ ಅತ್ತೆ ಎಂದಿನ ಹಾಗೆ ಮೊಮ್ಮಗಳಿಗೆ ಡಬ್ಬಿ ಕಟ್ಟಿಕೊಟ್ಟರು.

ಮುಂದಿನ ವಸಂತದಲ್ಲಿ ಅತ್ತೆಯ ತಂಗಿ ಬಚ್ಚಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಎರಡು ವರ್ಷ ಹೊರಗಿರಲು ಅನುಮತಿ ಕೊಡುವ ಪರ್ಮಿಟ್ಟಿಗೆ ಅರ್ಜಿ ಹಾಕಿ ಅತ್ತೆ ಮೈಸೂರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಮೊಮ್ಮಗಳನ್ನು ತಬ್ಬಿಕೊಂಡು, "ಎರಡು ವರ್ಷದ ಒಳಗೆ ಬಂದ್ಬಿಡ್ತೀನಿ, ನಿನ್ನ ಕಾಲೇಜ್ ನೋಡ್ಬೇಕು" ಎಂದರು. ನನಗೆ, "ಬೆಳಿಗ್ಗೆ ತಿಂಡಿ ಬಿಡ್ಬೇಡಿ" ಎಂದರು.

ತಂಗಿ ಎರಡು ವರ್ಷದಲ್ಲಿ ಹಾಸಿಗೆಯಿಂದ ಏಳಲಿಲ್ಲ, ತೀರಿಕೊಳ್ಳಲೂ ಇಲ್ಲ. ಪರ್ಮಿಟ್ಟಿನ ಅವಧಿ ಮುಗಿಯಿತು. ಅತ್ತೆ ಅವರನ್ನು ಬಿಟ್ಟು ಬರಲಿಲ್ಲ, ಬರುವವರೂ ಅಲ್ಲ. ಹಾಗೆ ಗ್ರೀನ್ ಕಾರ್ಡ್ ಕೈತಪ್ಪಿತು. ಪೌರತ್ವ ಇದ್ದಿದ್ದರೆ ಇದ್ಯಾವುದರ ಚಿಂತೆಯೂ ಇರುತ್ತಿರಲಿಲ್ಲ. ಮಗಳು ಕಾಲೇಜು ಸೇರಿದಳು. ನಾವು ಅಲ್ಲೇ ಹತ್ತಿರದ ಮನ್ರೋದಲ್ಲಿ ಮನೆ ತೆಗೆದುಕೊಂಡೆವು. ಕೆಳಗಿನ ಅಂತಸ್ತಿನಲ್ಲೇ ಅತ್ತೆಗೆಂದು ಒಂದು ಕೋಣೆ ಇಟ್ಟೆವು. ಅದರಲ್ಲಿ ಈಗ ಇಸ್ತ್ರಿ ಮೇಜು ಇದೆ.

ವಿಡಿಯೋದ ವಿಷಯ ಬಂದದ್ದು ಆಮೇಲೆ. ಅತ್ತೆಗೆ ಎಪ್ಪತ್ತು ತುಂಬುವ ಹೊತ್ತಿಗೆ ಮಗಳು ಹಳೆಯ ಫೋಟೋ, ವಿಡಿಯೋಗಳನ್ನೆಲ್ಲ ಕೂಡಿಸಿ ಅಜ್ಜಿಗೆ ಕಳಿಸಲು ಏನೋ ತಯಾರು ಮಾಡುತ್ತಿದ್ದಳು. ರಜೆಯಲ್ಲಿ ಮನೆಗೆ ಬಂದಿದ್ದಳು. ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಒಂದೊಂದಾಗಿ ನೋಡುತ್ತಿದ್ದಾಗ ಆ ಪಿಕ್ನಿಕ್ ಬಂತು. ನಾನು ಎದ್ದು ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ನನ್ನ ದನಿ ಗಟ್ಟಿಯಾಗಿ ಕೇಳುತ್ತಿತ್ತು. ಸಮುದ್ರ ಯಾವುದು ಎಂಬ ಪ್ರಶ್ನೆ ಬಂತು. ನನ್ನ ಹೆಂಡತಿ ತಟ್ಟನೆ, "ತಡಿ, ಹಿಂದಕ್ಕೆ ಹೋಗು" ಎಂದಳು. ಮಗಳು ಹಿಂದಕ್ಕೆ ಹೋದಳು. ಹೆಂಡತಿ ಮುಂದೆ ಬಗ್ಗಿ ನೋಡಿದಳು.

"ಹೇಳಿದ್ದಾಳೆ" ಎಂದಳು.

"ಏನು?"

"ಅಟ್ಲಾಂಟಿಕ್ ಅಂತ ಹೇಳಿದ್ದಾಳೆ. ತುಟಿ ನೋಡಿ."

ಮಗಳು ಮತ್ತೊಮ್ಮೆ ಹಾಕಿದಳು. ಪರದೆಯ ತುಂಬ ಅತ್ತೆಯ ಮುಖ. ಅವರ ತುಟಿ ಅಲುಗುತ್ತಿತ್ತು. ಒಂದು ಸಲ ಅಲ್ಲ, ಎರಡು ಸಲ. ನಾನು ಜನರ ಕಡೆ ತಿರುಗಿ ಮಾತು ಶುರು ಮಾಡಿದ ಮೇಲೂ ಅವರು ನನ್ನ ಮುಖ ನೋಡುತ್ತ ಆ ಪದವನ್ನು ಹೇಳುತ್ತಿದ್ದರು.

ಆಗ ಹೆಂಡತಿ ಹೇಳಿದ ವಿಷಯ ನನಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಕಾರ್ಖಾನೆಯಲ್ಲಿ ಮಗ್ಗಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲವಂತೆ. ಅಲ್ಲಿಯ ಹೆಂಗಸರು ದನಿ ಹೊರಡಿಸದೆ ಬರೀ ತುಟಿಯಲ್ಲೇ ಮಾತನಾಡಿಕೊಳ್ಳುತ್ತಿದ್ದರಂತೆ. ಅತ್ತೆಗೆ ಆ ಅಭ್ಯಾಸ ಉಳಿದುಬಿಟ್ಟಿತ್ತು. ಹೆದರಿದರೆ, ಗಾಬರಿಯಾದರೆ ಅವರ ದನಿ ಹೋಗಿ ತುಟಿ ಮಾತ್ರ ಆಡುತ್ತಿತ್ತು. "ಚಿಕ್ಕವಳಿದ್ದಾಗ ನಾನು ಅಮ್ಮನ ತುಟಿ ನೋಡೇ ಮಾತು ಕಲ್ತಿದ್ದು" ಎಂದಳು ಹೆಂಡತಿ. "ಅವತ್ತು ನಾನು ಹಿಂದೆ ಊಟದ ಮೇಜಿನ ಹತ್ರ ಇದ್ದೆ. ಮುಂದೆ ಇದ್ದಿದ್ರೆ ಗೊತ್ತಾಗ್ತಿತ್ತು."

ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೆವು. ಅವರು ಮಾಡಿದ ಸಾರು ಉಂಡೆ, ಅವರು ಮಡಿಸಿಟ್ಟ ಷರ್ಟು ಹಾಕಿಕೊಂಡು ಆಫೀಸಿಗೆ ಹೋದೆ. ಕಾರ್ಖಾನೆಯಲ್ಲಿ ನೀವು ಏನು ಮಾಡುತ್ತಿದ್ದಿರಿ, ಅಲ್ಲಿ ಹೇಗಿರುತ್ತಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ. ಅವರಿಗೆ ನಾನು ಕೇಳಿದ್ದೆಲ್ಲ ಉತ್ತರ ನನಗೆ ಮೊದಲೇ ಗೊತ್ತಿದ್ದ ಪ್ರಶ್ನೆಗಳು.

ಮಗಳು ಆ ತುಣುಕನ್ನು ಅಜ್ಜಿಗೆ ಕಳಿಸುವ ವಿಡಿಯೋದಿಂದ ತೆಗೆದುಹಾಕಿದಳು. ನನ್ನನ್ನು ಏನೂ ಕೇಳಲಿಲ್ಲ.

ಅದಾದ ಮೇಲೆ ಅತ್ತೆಯ ತಂಗಿ ತೀರಿಕೊಂಡರು. ಹೆಂಡತಿ ಕೂಡಲೇ ಹೊರಟು ಹೋದಳು. ನಾನು ಎರಡು ವಾರ ಬಿಟ್ಟು ಮೈಸೂರಿಗೆ ಹೋದೆ. ಮತ್ತೆ ಅರ್ಜಿ ಹಾಕೋಣ, ಇಲ್ಲಿ ಒಬ್ಬಳೇ ಯಾಕಿರುತ್ತೀಯ ಎಂದು ಹೆಂಡತಿ ಅಮ್ಮನಿಗೆ ಹೇಳುತ್ತಲೇ ಇದ್ದಳು. ಅತ್ತೆ ಒಪ್ಪಲಿಲ್ಲ. "ಮತ್ತೆ ಕಾಗದ, ಮತ್ತೆ ಯಾರ್ಯಾರ ಮುಂದೋ ನಿಂತು ಪ್ರಶ್ನೆ ಕೇಳಿಸ್ಕೊಳ್ಳೋದು. ನನ್ ಕೈಲಾಗಲ್ಲ ಕಣಮ್ಮ. ಇಲ್ಲೇ ಕಾರ್ಖಾನೆ ಗೆಳತಿಯರು ನಾಲ್ಕು ಜನ ಇದ್ದಾರೆ. ಹತ್ತಿರದಲ್ಲೇ ಇದ್ದಾರೆ."

ಹೊರಡುವ ಹಿಂದಿನ ದಿನ ಬೆಳಿಗ್ಗೆ ಹೆಂಡತಿ ಬ್ಯಾಂಕಿಗೆ ಹೋಗಿದ್ದಳು. ಅತ್ತೆ ಅಂಗಳದಲ್ಲಿ ಕೂತು ಹೂ ಕಟ್ಟುತ್ತಿದ್ದರು. ನಾನು ಹೋಗಿ ಮೆಟ್ಟಿಲ ಮೇಲೆ ಕೂತೆ. ವಿಮಾನದಲ್ಲಿ ಬರುವಾಗ ಹೇಳಬೇಕೆಂದು ಜೋಡಿಸಿಟ್ಟುಕೊಂಡ ಮಾತೆಲ್ಲ ಆ ಹೊತ್ತಿಗೆ ಸಿಕ್ಕಲಿಲ್ಲ.

"ಅತ್ತೆ, ಅವತ್ತು ಪಿಕ್ನಿಕ್ಕಲ್ಲಿ ನೀವು ಉತ್ತರ ಹೇಳಿದ್ರಿ. ನಂಗೆ ಕೇಳಿಸ್ಲಿಲ್ಲ. ನಾನು ಹಂಗೆ ಮಾತಾಡಿದ್ದು ತಪ್ಪು. ತುಂಬ ತಪ್ಪಾಯ್ತು."

ಅವರ ಕೈ ನಿಲ್ಲಲಿಲ್ಲ. ಎರಡು ಹೂ ಸೇರಿಸಿ ದಾರ ಸುತ್ತಿದರು.

"ಇಷ್ಟು ವರ್ಷ ಆದ್ಮೇಲೆ ಅದನ್ಯಾಕೆ ಎತ್ತಿದ್ರಿ?" ಎಂದರು.

"ಹೇಳ್ಬೇಕು ಅನ್ನಿಸ್ತು."

"ಹೇಳ್ಬೇಕಿತ್ತು ನಿಜ." ಮತ್ತೆರಡು ಹೂ ಎತ್ತಿಕೊಂಡರು. "ಜನ ನಕ್ಕಿದ್ದಕ್ಕೆ ನಂಗೆ ಅಷ್ಟು ಬೇಜಾರಾಗ್ಲಿಲ್ಲ. ಆ ಜನ ನಂಗೇನಾಗ್ಬೇಕು? ಕಾರಲ್ಲಿ ನೀವೊಂದು ಮಾತು ಹೇಳ್ತೀರೇನೋ ಅಂತ ಕಾಯ್ತಿದ್ದೆ. ಮಾರನೇ ದಿನ ಹೇಳ್ತೀರೇನೋ ಅಂತಾನೂ ಕಾದೆ. ಕಾರ್ಡೆಲ್ಲ ತೆಗೆದು ನಿಮ್ಮ ಮುಂದೆ ಇಟ್ಟಿದ್ದು ಅದಕ್ಕೇ. ಯಾಕತ್ತೆ ಅಂತ ಕೇಳ್ತೀರಿ ಅಂತ."

"ಕೇಳಿದ್ನಲ್ಲ."

"ಕೇಳಿದ್ರಿ. ಫ್ರಿಜ್ ಒರೆಸೋಕೆ ಅಂದ ತಕ್ಷಣ ಹ್ಞೂಂ ಅಂದು ಹೊರಟ್ರಿ."

ಅವರು ದಾರವನ್ನು ಹಲ್ಲಿನಿಂದ ಕಡಿದು ಮಾಲೆಯನ್ನು ಬುಟ್ಟಿಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ನನ್ನ ಮಗಳನ್ನ ಚೆನ್ನಾಗಿ ನೋಡ್ಕೊಂಡಿದ್ದೀರಿ. ಆದ್ರೆ ಮಗು ಜೊತೆ ಇರ್ಬೇಕಾದ ವರ್ಷ ಹೋಯ್ತಲ್ಲ, ಅದೊಂದು ಸಂಕಟ ನಂಗೆ. ಅದು ಹೋಗಲ್ಲ" ಎಂದರು. ಇಷ್ಟನ್ನು ಅವರು ಜೋರಾಗಿ ಹೇಳಲಿಲ್ಲ, ಅಳುತ್ತಲೂ ಹೇಳಲಿಲ್ಲ. ಬುಟ್ಟಿ ಎತ್ತಿಕೊಂಡು ದೇವರ ಮನೆಗೆ ಹೋದರು.

ಮಗಳು ಈಗ ಕಾಲೇಜು ಮುಗಿಸಿ ನ್ಯೂ ಯಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಪದವಿ ಸಮಾರಂಭಕ್ಕೆ ಅಜ್ಜಿ ಬರಲಾಗಲಿಲ್ಲ. ವಿಸಿಟರ್ ವೀಸಾದ ಸಂದರ್ಶನಕ್ಕೆ ಹೋಗಲು ಅವರಿಗೆ ಮನಸ್ಸಾಗಲಿಲ್ಲ. ನಾವು ಫೋನ್ ಹಿಡಿದು ತೋರಿಸಿದೆವು. ವಾರದ ಕೊನೆಗೆ ಟ್ರೇನಿನಲ್ಲಿ ಮನೆಗೆ ಬಂದಾಗ ಅವಳು ಕೆಳಗಿನ ಆ ಕೋಣೆಯಲ್ಲಿ ಕೂತು ಅಜ್ಜಿಯ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಮಾತನಾಡುತ್ತಾಳೆ. ಅವಳ ಕನ್ನಡ ಈಗ ಸರಾಗವಾಗಿದೆ, ಮೈಸೂರಿನ ಹೆಣ್ಣುಮಗಳ ಹಾಗೆಯೇ ಮಾತನಾಡುತ್ತಾಳೆ. ಹೊರಗೆ ಅವಳ ನಗು ಕೇಳುತ್ತದೆ. ನಾನು ಬಟ್ಟೆ ತೆಗೆದುಕೊಳ್ಳಲೋ ಮತ್ತೇನಕ್ಕೋ ಬಾಗಿಲು ತೆರೆದರೆ, "ಹಾಯ್ ಅಪ್ಪ, ಡು ಯು ನೀಡ್ ಸಮ್‌ಥಿಂಗ್?" ಎನ್ನುತ್ತಾಳೆ.

ಏನಿಲ್ಲ ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಬರುತ್ತೇನೆ.